ಕಡಲಾಚೆಯ ಫೋನು, ದುರ್ಗಿಗುಡಿಯ ರಿಪೇರಿ ಮೇಜು

ಜರ್ಮನಿಯಲ್ಲಿರುವ ಅಣ್ಣನ ಮಗಳು ದೀಪಾವಳಿಗೆ ತೀರ್ಥಹಳ್ಳಿಗೆ ಬರುವವಳಿದ್ದಾಳೆ. "ಚಿಕ್ಕಪ್ಪ, ನಿಮ್ಮ ಫೋನ್ ಹಳೇದಾಯ್ತಲ್ಲ, ಬರುವಾಗ ಹೊಸದೊಂದು ತರ್ಲಾ?" ಎಂದು ಆಕೆ ಕೇಳಿದ್ದನ್ನು ಕೇಳಿಸಿಕೊಂಡ ಮಗ, ಅಷ್ಟು ದೂರದಿಂದ ವಿಮಾನದಲ್ಲಿ ತರಿಸುವುದು ಪರಿಸರಕ್ಕೆ ಹಾನಿಯಲ್ಲವೇ ಎಂದು ತಕರಾರು ತೆಗೆದ. ಅವನ ಆತಂಕ ಸರಿಯಾದದ್ದೇ. ಬೊಟ್ಟು ಮಾಡಿದ ಜಾಗ ಮಾತ್ರ ತಪ್ಪು.

ಒಂದು ಉತ್ತಮ ದರ್ಜೆಯ ಸ್ಮಾರ್ಟ್‌ಫೋನ್ ಹುಟ್ಟಿನಿಂದ ಕೊನೆಯವರೆಗೆ ವಾತಾವರಣಕ್ಕೆ ಸೇರಿಸುವ ಇಂಗಾಲದ ಡೈಆಕ್ಸೈಡ್ ಸುಮಾರು 60ರಿಂದ 70 ಕಿಲೋ. ತಯಾರಕರೇ ಪ್ರಕಟಿಸುವ ಲೆಕ್ಕಗಳ ಪ್ರಕಾರ ಇದರಲ್ಲಿ ಐದನೇ ನಾಲ್ಕರಷ್ಟು ಪಾಲು ತಯಾರಿಕೆಯದು. ಸಾಗಣೆಯದು ನೂರಕ್ಕೆ ಎರಡು ಮೂರು ಮಾತ್ರ. ಹೇಗೂ ಊರಿಗೆ ಬರುವವರ ಚೀಲದಲ್ಲಿ ಇನ್ನೂರು ಗ್ರಾಂ ಹೆಚ್ಚಾದರೆ ವಿಮಾನಕ್ಕೆ ಅದು ಗೊತ್ತೂ ಆಗುವುದಿಲ್ಲ. ಇನ್ನು ಚಾರ್ಜಿಂಗ್. ಒಮ್ಮೆ ಪೂರ್ತಿ ಚಾರ್ಜ್ ಮಾಡಲು ತಗಲುವ ವಿದ್ಯುತ್ತಿನಲ್ಲಿ ಮನೆಯ ಫ್ಯಾನು ಇಪ್ಪತ್ತು ನಿಮಿಷ ತಿರುಗೀತು, ಅಷ್ಟೆ. ದಿನವೂ ಹಾಗೆ ಮಾಡಿದರೂ ವರ್ಷಕ್ಕೆ ಒಂಬತ್ತು ಯೂನಿಟ್ ದಾಟುವುದು ಕಷ್ಟ, ಅಂದರೆ ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿರುವ ನಮ್ಮ ದೇಶದ ಲೆಕ್ಕದಲ್ಲಿ ಆರೇಳು ಕಿಲೋ ಇಂಗಾಲದ ಡೈಆಕ್ಸೈಡ್. (ಶರಾವತಿಯ ಸೀಮೆಯಲ್ಲಿದ್ದೇವೆಂದು ನಮ್ಮ ಪ್ಲಗ್ಗಿಗೆ ಜಲವಿದ್ಯುತ್ತೇ ಬರುತ್ತದೆಂದು ಬೀಗುವಂತಿಲ್ಲ, ಗ್ರಿಡ್ ಎಲ್ಲವನ್ನೂ ಬೆರೆಸಿ ಕೊಡುತ್ತದೆ.)

ಹಾಗಾದರೆ ತಯಾರಿಕೆಯಲ್ಲಿ ಅಷ್ಟೊಂದು ಖರ್ಚಾಗುವುದು ಎಲ್ಲಿ? ಮುಖ್ಯವಾಗಿ ಉಗುರಿನಗಲದ ಎಲೆಕ್ಟ್ರಾನಿಕ್ ಚಿಪ್‌ಗಳಲ್ಲಿ. ಸಿಲಿಕಾನ್ ಬಿಲ್ಲೆಯ ಮೇಲೆ ಪದರದ ಮೇಲೆ ಪದರ ಮೂಡಿಸುವಾಗ ಪ್ರತಿ ಹಂತದಲ್ಲೂ ಅದನ್ನು ಅತಿಶುದ್ಧ ನೀರಿನಲ್ಲಿ ತೊಳೆಯಬೇಕು, ದೂಳಿನ ಕಣವೂ ಸುಳಿಯದಂತೆ ಕೋಣೆಯ ಗಾಳಿಯನ್ನು ಹಗಲಿರುಳು ಸೋಸುತ್ತಿರಬೇಕು. ಮುಂದುವರಿದ ಚಿಪ್‌ಗಳ ಬಹುಪಾಲು ತಯಾರಾಗುವ ತೈವಾನಿನಲ್ಲಿ 2021ರಲ್ಲಿ ತೀವ್ರ ಬರ ಬಂದಾಗ, ಕಾರ್ಖಾನೆಗಳು ಟ್ಯಾಂಕರುಗಳಲ್ಲಿ ನೀರು ತರಿಸಿಕೊಂಡವು. ಸರ್ಕಾರ ಸಾವಿರಾರು ಹೆಕ್ಟೇರ್ ಗದ್ದೆಗಳಿಗೆ ನೀರು ನಿಲ್ಲಿಸಿ ರೈತರಿಗೆ ಪರಿಹಾರ ಕೊಟ್ಟಿತು. ಆಗುಂಬೆಯ ಮಳೆಯಲ್ಲಿ ನೆನೆದು ಬೆಳೆದ ನಮಗೆ, ಭತ್ತದ ನೀರು ಫೋನಿನ ಪಾಲಾಗುವ ಚಿತ್ರ ಸುಲಭಕ್ಕೆ ಕಣ್ಣಿಗೆ ಕಟ್ಟುವುದಿಲ್ಲ.

ಫೋನಿನ ಲೋಹಗಳು ಬರುವುದು ಗಣಿಗಳಿಂದ, ಗಣಿಯ ಕಥೆ ನಮಗೆ ಹೊಸದಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ಕುದುರೆಮುಖದ ಗಣಿ ನಿಲ್ಲುವವರೆಗೆ ಮಳೆಗಾಲದ ಭದ್ರೆ ಎಷ್ಟು ಹೂಳು ಹೊತ್ತು ಬರುತ್ತಿದ್ದಳೆಂಬುದನ್ನು ಹೊಳೆಯಂಚಿನವರು ಬಲ್ಲರು. ಬ್ಯಾಟರಿಯ ಕೋಬಾಲ್ಟ್ ಬಹುತೇಕ ಕಾಂಗೋದಿಂದ ಬರುತ್ತದೆ, ಸ್ಪೀಕರಿನ ಅಯಸ್ಕಾಂತಕ್ಕೆ ಬೇಕಾದ ವಿರಳ ಭಸ್ಮ (ರೇರ್ ಅರ್ತ್) ಧಾತುಗಳು ಹೆಚ್ಚಾಗಿ ಚೀನಾದಿಂದ. ಅಲ್ಲಿಯ ಹೊಳೆಗಳಿಗೂ ಅಂಚಿನವರಿದ್ದಾರೆ.

ಹೀಗೆ ಆಗಿಹೋದ ಖರ್ಚನ್ನು ಹಿಂದಕ್ಕೆ ಪಡೆಯಲಾಗದು, ಹೆಚ್ಚು ವರ್ಷಗಳಿಗೆ ಹಂಚಬಹುದು. ತಯಾರಿಕೆಯ ಐವತ್ತು ಕಿಲೋ ಎರಡು ವರ್ಷದ ಫೋನಿಗೆ ವರ್ಷಕ್ಕೆ ಇಪ್ಪತ್ತೈದಾದರೆ, ಐದು ವರ್ಷ ಬಾಳಿದ ಫೋನಿಗೆ ಹತ್ತು. ಆದ್ದರಿಂದ ಕೇಳಬೇಕಾದದ್ದು ಫೋನು ಎಲ್ಲಿಂದ ಬಂತು ಎಂದಲ್ಲ, ಕೆಟ್ಟಾಗ ಎಲ್ಲಿ ರಿಪೇರಿಯಾದೀತು ಎಂದು.

ಈ ಪ್ರಶ್ನೆ ಹೊತ್ತು ಶಿವಮೊಗ್ಗದ ದುರ್ಗಿಗುಡಿಯ ಪುಟ್ಟ ರಿಪೇರಿ ಅಂಗಡಿಗೆ ಹೋದೆ. ಹುಡುಗ ನನ್ನ ಫೋನಿನ ಅಂಚನ್ನು ಬಿಸಿ ಮಾಡಿ, ತೆಳ್ಳನೆಯ ಪ್ಲಾಸ್ಟಿಕ್ ತುಂಡು ತೂರಿಸಿ ಬೆನ್ನು ಬಿಚ್ಚಿದ. ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಚಾರ್ಜಿಂಗ್ ಪೋರ್ಟಿನೊಳಗೆ ಹಳೆಯ ತಾಮ್ರದ ಚೊಂಬಿನ ಮೇಲಿರುವಂಥದೇ ಹಸಿರು ಕಿಲುಬು. ಮಲೆನಾಡಿನ ಮಳೆಗಾಲ ಫೋನಿಗೆ ಮಾಡುವ ಉಪಕಾರ ಇದು: ತೇವವಿದ್ದಾಗಲೇ ಚಾರ್ಜಿಗೆ ಹಾಕಿದರೆ ವಿದ್ಯುತ್ತು ನೀರಿನ ಮೂಲಕ ಹರಿದು ಲೋಹವನ್ನು ತಿನ್ನುತ್ತದೆ. ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಅಕ್ಕಿಗೇ ನಷ್ಟ. ಬ್ಯಾಟರಿ, ಚಾರ್ಜಿಂಗ್ ಬೋರ್ಡು ಎರಡನ್ನೂ ಬದಲಿಸಲು ಅವನಿಗೆ ಮುಕ್ಕಾಲು ಗಂಟೆ ಸಾಕಾಯಿತು, ಏಕೆಂದರೆ ಎರಡೂ ಅವನ ಡ್ರಾಯರಿನಲ್ಲೇ ಇದ್ದವು.

ವಿದೇಶಿ ಮಾದರಿಯ ತೊಡಕು ಇರುವುದು ಇಲ್ಲಿಯೇ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮ ಒಳ್ಳೆಯದು: ಬ್ಯಾಟರಿ 800 ಬಾರಿ ಚಾರ್ಜಾದ ಮೇಲೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳಬೇಕು, ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ, ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಸಿಗಬೇಕು. ಗಟ್ಟಿ ಬ್ಯಾಟರಿಯೂ ಅಪ್‌ಡೇಟೂ ಫೋನಿನ ಜೊತೆಗೆ ತೀರ್ಥಹಳ್ಳಿಗೂ ಬಂದಾವು, ಆದರೆ ಬಿಡಿಭಾಗದ ಹಕ್ಕು ಅಲ್ಲಿನ ರಿಪೇರಿಗಾರನದು, ದುರ್ಗಿಗುಡಿಯವನದಲ್ಲ. ಹಲವು ಕಂಪನಿಗಳ ವಾರಂಟಿಯೂ ಕೊಂಡ ದೇಶದ ಗಡಿ ದಾಟುವುದಿಲ್ಲ. ಮೊದಲೇ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ನಾವು, ನಮ್ಮ ಟವರಿನ ತರಂಗಾಂತರಗಳು ಆ ಮಾದರಿಯಲ್ಲಿ ಇವೆಯೇ ಎಂದೂ ನೋಡಿಕೊಳ್ಳಬೇಕು.

ಹಳೆಯ ಫೋನಿನ ಗತಿಯನ್ನೂ ಯೋಚಿಸಬೇಕು. 2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರಲ್ಲಿ ಶೇಕಡಾ 22.3. ರಾಯಚೂರಿನ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಫೋನುಗಳಲ್ಲಿ ಕೆಲವು ನೂರು ಗ್ರಾಂ. ಆ ಅದಿರಿನ ಒಂದಿಷ್ಟು ನಮ್ಮನೆ ಕಪಾಟಿನಲ್ಲೂ ಇದೆ, ಒಟ್ಟು ಮೂರು ಫೋನು.

ನನ್ನ ಫೋನಿಗೆ ಭದ್ರತಾ ಅಪ್‌ಡೇಟ್ ಮುಂದಿನ ವರ್ಷ ನಿಲ್ಲುತ್ತದೆ. ಬ್ಯಾಂಕಿನ ವ್ಯವಹಾರವೆಲ್ಲ ಅದರಲ್ಲೇ ಇರುವುದರಿಂದ ಹೊಸದು ಬೇಕಾಗುವುದಂತೂ ದಿಟ. ಹಾಗಾಗಿ ಅಣ್ಣನ ಮಗಳು ಕಳಿಸಿದ ಮಾದರಿಯ ಸಂಖ್ಯೆಯನ್ನು ಹುಡುಗನಿಗೆ ತೋರಿಸಿದೆ. ತನ್ನ ಫೋನಿನಲ್ಲಿ ಹುಡುಕಿ ನೋಡಿ ಹೇಳಿದ: "ಡಿಸ್‌ಪ್ಲೇ ತರಿಸ್ಬಹುದು ಸಾರ್. ಚಾರ್ಜಿಂಗ್ ಬೋರ್ಡ್ ಮಾತ್ರ ಕೇಳ್ಬೇಡಿ."