ಕಲಬುರಗಿ ಬಿಸಿಲಲ್ಲಿ ಮೆತ್ತನೆ ಕುಕ್ಕಿ

ಚಾಕೊಲೇಟ್ ಚಿಪ್ ಕುಕ್ಕಿ ಹುಟ್ಟಿದ್ದು 1930ರ ದಶಕದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೂತ್ ವೇಕ್‌ಫೀಲ್ಡ್ ನಡೆಸುತ್ತಿದ್ದ ಟೋಲ್ ಹೌಸ್ ಇನ್‌ನಲ್ಲಿ. ಅದು ಚಳಿ ಊರು. ಅಂಥ ಊರುಗಳ ರೆಸಿಪಿಯಲ್ಲಿ 'ಬೆಣ್ಣೆ ಕೋಣೆಯ ತಾಪಮಾನದಲ್ಲಿರಲಿ' ಅಂತ ಬರೆದಿರುತ್ತಾರೆ. ಅಂದರೆ ಸುಮಾರು 20 ಡಿಗ್ರಿ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಣ್ಣೆ 35ರ ಆಸುಪಾಸಿನಲ್ಲೇ ಪೂರ್ತಿ ಕರಗುತ್ತದೆ. ಹಾಗಾಗಿ ನಮ್ಮ ಅಡುಗೆಮನೆಗೆ ಬೇರೆ ಲೆಕ್ಕವೇ ಬೇಕು.

ಮೆತ್ತಗೋ ಗರಿಗರಿಯೋ ಅನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ನೀರು. ಬಿಸಿ ರೊಟ್ಟಿಯನ್ನೂ ಕಡಕ್ ರೊಟ್ಟಿಯನ್ನೂ ನೋಡಿ: ಅದೇ ಜೋಳದ ಹಿಟ್ಟು, ಅದೇ ಕೈ. ಒಂದರಲ್ಲಿ ನೀರು ಉಳಿದಿದೆ, ಇನ್ನೊಂದರಲ್ಲಿ ಆರಿದೆ. ಕುಕ್ಕಿಯಲ್ಲಿ ಈ ನೀರನ್ನು ಹಿಡಿದಿಡುವ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಬೆಲ್ಲ.

ಮಳೆಗಾಲದಲ್ಲಿ ಬೆಲ್ಲದ ಡಬ್ಬಿ ತೆಗೆದು ನೋಡಿ. ಉಂಡೆ ಬೆವರಿರುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಪಕ್ಕದ ಡಬ್ಬಿಯ ಸಕ್ಕರೆಗೆ ಅಷ್ಟೇನೂ ಆಗಿರುವುದಿಲ್ಲ. ಬಿಳಿ ಸಕ್ಕರೆ ಹೆಚ್ಚುಕಡಿಮೆ ಶುದ್ಧ ಸುಕ್ರೋಸ್. ಬೆಲ್ಲದಲ್ಲಿ ಅದರ ಜೊತೆ ಒಂದಿಷ್ಟು ಗ್ಲೂಕೋಸ್, ಫ್ರುಕ್ಟೋಸ್ ಎಂಬ ಬೇರೆ ಬಗೆಯ ಸಕ್ಕರೆಗಳೂ ಇರುತ್ತವೆ. ಫ್ರುಕ್ಟೋಸ್‌ಗೆ ಗಾಳಿಯಲ್ಲಿನ ತೇವ ಎಳೆದುಕೊಳ್ಳುವ ಗುಣ ಜಾಸ್ತಿ. ಜೊತೆಗೆ ಇವೆರಡೂ ಸುಕ್ರೋಸನ್ನು ಮತ್ತೆ ಹರಳುಗಟ್ಟಲು ಸುಲಭಕ್ಕೆ ಬಿಡುವುದಿಲ್ಲ. ಬರೀ ಸಕ್ಕರೆಯ ಕುಕ್ಕಿ ಆರಿದಾಗ ಗಟ್ಟಿಯಾಗಲು ಈ ಹರಳುಗಳೂ ಒಂದು ಕಾರಣ. ವಿದೇಶಿ ರೆಸಿಪಿಗಳಲ್ಲಿ ಬರುವ ಬ್ರೌನ್ ಶುಗರ್ ಕೂಡ ಕಾಕಂಬಿ ಸೇರಿದ ಸಕ್ಕರೆಯೇ. ಬೀದರ್ ಜಿಲ್ಲೆಯ ತುಂಬ ಕಬ್ಬು ಬೆಳೆಯುವಾಗ ಅದನ್ನು ದುಬಾರಿ ಕೊಟ್ಟು ತರುವುದು ಯಾಕೆ? ಪುಡಿ ಬೆಲ್ಲ ಸಾಕು. ಬೆಲ್ಲದಲ್ಲಿ ಅಲ್ಪಸ್ವಲ್ಪ ಹುಳಿಯ ಅಂಶವೂ ಇರುವುದರಿಂದ ಅಡುಗೆ ಸೋಡಾ ಕೆಲಸ ಮಾಡಲು ಅನುಕೂಲ.

ಇನ್ನು ಬೆಣ್ಣೆ. ಬಿಸಿಲಿನ ಜೊತೆ ಜಗಳ ಬೇಡ, ಕರಗಿಸಿಯೇ ಹಾಕಿ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರು ಇರುತ್ತದೆ. ಕರಗಿದಾಗ ಆ ನೀರು ಮೈದಾಕ್ಕೆ ಸುಲಭವಾಗಿ ಸಿಕ್ಕಿ ಗ್ಲುಟೆನ್ ಎಂಬ ಅಂಟು ಎಳೆಗಟ್ಟುತ್ತದೆ. ಜಗಿಯುವ ಗುಣ ಬರುವುದು ಅಲ್ಲಿಂದಲೇ. ಜೋಳದ ಹಿಟ್ಟಲ್ಲಿ ಗ್ಲುಟೆನ್ ಇಲ್ಲ. ಸ್ವಲ್ಪ ಬೆರೆಸಿದರೆ ರುಚಿ ಬಲು ಚೆನ್ನ, ಆದರೆ ಜಾಸ್ತಿಯಾದರೆ ಕುಕ್ಕಿ ಪುಡಿಪುಡಿ.

100 ಗ್ರಾಂ ಬೆಣ್ಣೆ ಕರಗಿಸಿ ಆರಲು ಬಿಡಿ. ಅದಕ್ಕೆ 100 ಗ್ರಾಂ ಪುಡಿ ಬೆಲ್ಲ, 40 ಗ್ರಾಂ ಸಕ್ಕರೆ, ಒಂದು ತತ್ತಿ ಹಾಕಿ ಚೆನ್ನಾಗಿ ಕಲಸಿ. ಆಮೇಲೆ 150 ಗ್ರಾಂ ಮೈದಾ, ಕಾಲು ಟೀ ಚಮಚ ಸೋಡಾ, ಚಿಟಿಕೆ ಉಪ್ಪು, 100 ಗ್ರಾಂ ಚಾಕೊಲೇಟ್ ಚೂರು. ಮೈದಾ ಬಿದ್ದ ಮೇಲೆ ಜಾಸ್ತಿ ನಾದಬೇಡಿ. ಚಾಕೊಲೇಟ್ ಕೊಳ್ಳುವಾಗ ಕೋಕೋ ಬಟರ್ ಇದೆಯಾ ಅಂತ ಪೊಟ್ಟಣದ ಹಿಂದೆ ಓದಿ. ಅದು ಬಾಯಿಯ ಬಿಸಿಗೇ ಕರಗುತ್ತದೆ. ಕಾಂಪೌಂಡ್ ಚಾಕೊಲೇಟಿನಲ್ಲಿ ಅದರ ಬದಲು ಬೇರೆ ಎಣ್ಣೆಕೊಬ್ಬು ಇರುವುದರಿಂದ ನಾಲಿಗೆಗೆ ಮೇಣದ ಹಾಗೆ ಅಂಟುತ್ತದೆ.

ಕಲಸಿದ್ದನ್ನು ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಲೇಬೇಕು. ಬೇಸಿಗೆಯಲ್ಲಿ ಹೀಗೆ ತಣ್ಣಗೆ ಮಾಡದಿದ್ದರೆ ಬೇಯಲು ಇಟ್ಟ ಕೂಡಲೇ ಉಂಡೆ ಹರಡಿ, ತೆಳ್ಳಗಾಗಿ, ನೀರೆಲ್ಲ ಆರಿಹೋಗುತ್ತದೆ. ಮೊದಲೇ ಕಾಯಿಸಿದ ಓಟಿಜಿಯಲ್ಲಿ (ಮನೆಬಳಕೆಯ ಪುಟ್ಟ ಕರೆಂಟ್ ಓವನ್) 180 ಡಿಗ್ರಿಗೆ 10-11 ನಿಮಿಷ ಸಾಕು. ಅಂಚು ಕೆಂಪಾಗಿ, ನಡುಭಾಗ ಇನ್ನೂ ಹಸಿ ಅನಿಸುವಾಗಲೇ ತೆಗೆಯಿರಿ. ತಟ್ಟೆಯ ಬಿಸಿಗೆ ಅದು ಇನ್ನೂ ಬೇಯುತ್ತದೆ. ಆಗಲೇ ಎತ್ತಲು ಹೋದರೆ ಮುರಿಯುತ್ತದೆ, ಐದು ನಿಮಿಷ ಸುಮ್ನೆ ಬಿಡಿ.

ನಮ್ಮ ಬೇಸಿಗೆಯ ಒಣಗಾಳಿ ಕುಕ್ಕಿಯ ತೇವವನ್ನೂ ಬಿಡುವುದಿಲ್ಲ. ಪೂರ್ತಿ ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೊಂದು ಬ್ರೆಡ್ ಚೂರು ಇಡಿ. ಬ್ರೆಡ್ಡಿನ ತೇವ ಕುಕ್ಕಿಗೆ ಹೋಗುತ್ತದೆ, ಬ್ರೆಡ್ ಒಣಗುತ್ತದೆ. ಎಲ್ಲವನ್ನೂ ಒಂದೇ ಸಲ ಬೇಯಿಸುವ ಅಗತ್ಯವೂ ಇಲ್ಲ. ಉಳಿದ ಹಿಟ್ಟನ್ನು ಉಂಡೆ ಕಟ್ಟಿ ಫ್ರೀಜರಿಗೆ ಹಾಕಿ, ಬೇಕಾದಾಗ ಹಾಗೆಯೇ ಓಟಿಜಿಗೆ ಇಟ್ಟು ಒಂದೆರಡು ನಿಮಿಷ ಹೆಚ್ಚಿಗೆ ಬೇಯಿಸಿ.