ಗಣಿಯ ಬಳಿಯೇ ಉಳಿದುಹೋದ ಭಟ್ಟಿಗಳು

ವಾಸ್ಕೋದ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ವ್ಯಾಗನ್ ತುಂಬಿಕೊಂಡು ಘಾಟ್ ಹತ್ತಿ, ಕ್ಯಾಸಲ್‌ರಾಕ್, ಲೋಂಡಾ ದಾಟಿ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಗೋವಾದ ಕನ್ನಡದವರಿಗೆ ಇದು ಹೊಸ ಸುದ್ದಿಯಲ್ಲ. ಬಂದರಿನ ಆಸುಪಾಸು ಇರುವವರಂತೂ ಅದರ ಧೂಳನ್ನು ದಿನಾ ಒರೆಸುತ್ತಾರೆ. ಆದರೆ ಕಬ್ಬಿಣ ಕರಗಿಸುವ ಊದುಕುಲುಮೆಗೆ ಮುಖ್ಯವಾಗಿ ಬೇಕಾದದ್ದು ಹಸಿ ಕಲ್ಲಿದ್ದಲಲ್ಲ, ಅದನ್ನು ಸುಟ್ಟು ಮಾಡಿದ ಕೋಕ್. ಅಗೆದಲ್ಲೇ ಕೋಕ್ ಮಾಡಿ ಕಳಿಸಬಹುದಿತ್ತು ಅಲ್ವಾ?

ಹಿಂದೆ ಹಾಗೇ ಮಾಡುತ್ತಿದ್ದರು. ಅಮೆರಿಕದ ಟೆನೆಸ್ಸೀ ರಾಜ್ಯದ ಡನ್‌ಲಪ್‌ನಲ್ಲಿ ಬೆಟ್ಟದ ಮೇಲಿನ ಗಣಿಯಿಂದ ಕಲ್ಲಿದ್ದಲು ಇಳಿಸಿ, ಬುಡದಲ್ಲಿ ಸಾಲಾಗಿ ಕಟ್ಟಿದ 268 ಭಟ್ಟಿಗಳಲ್ಲಿ ಸುಡುತ್ತಿದ್ದರು. 1927ರಲ್ಲಿ ಕೆಲಸ ನಿಂತಿತು. ಪಾಳುಬಿದ್ದ ಆ ಗುಮ್ಮಟಗಳು ಈಗ ಒಂದು ಪಾರ್ಕಿನೊಳಗೆ ಇವೆ.

ಇವಕ್ಕೆ ಬೀಹೈವ್ ಭಟ್ಟಿ ಅಂತ ಹೆಸರು, ಜೇನುಗೂಡಿನ ಹಾಗೆ ದುಂಡಗೆ ಇರುವುದರಿಂದ. ನೆತ್ತಿಯ ತೂತಿನಿಂದ ಕಲ್ಲಿದ್ದಲು ಸುರಿದು, ಮುಂದಿನ ಬಾಗಿಲಿಗೆ ಇಟ್ಟಿಗೆ ಕಟ್ಟಿ, ಗಾಳಿಗೆ ಸ್ವಲ್ಪವೇ ಸಂದು ಬಿಡುತ್ತಿದ್ದರು. ಕಲ್ಲಿದ್ದಲಿನಿಂದ ಹೊರಬರುವ ಅನಿಲ ಗುಮ್ಮಟದೊಳಗೇ ಉರಿಯುತ್ತದೆ, ಆ ಕಾವಿಗೆ ಕೆಳಗಿನದು ಎರಡು ಮೂರು ದಿನ ಬೇಯುತ್ತದೆ. ಉಳಿಯುವುದು ಗಟ್ಟಿಯಾದ, ತೂತು ತೂತಾದ ಕೋಕ್. ಊದುಕುಲುಮೆಯಲ್ಲಿ ಮೇಲಿನ ಅದಿರಿನ ಭಾರಕ್ಕೆ ಅದು ಪುಡಿಯಾಗುವುದಿಲ್ಲ, ನಡುವೆ ಗಾಳಿ ಆಡಲು ಜಾಗವೂ ಇರುತ್ತದೆ. ಬೆಂದ ಮೇಲೆ ನೀರು ಹೊಡೆದು, ಉದ್ದನೆಯ ಕಬ್ಬಿಣದ ಕೋಲಿನಿಂದ ಕೈಯಲ್ಲೇ ಎಳೆಯಬೇಕು. ಗೋಡೆ ಆರುವ ಮೊದಲೇ ಮತ್ತೆ ತುಂಬಬೇಕು, ಯಾಕಂದರೆ ಹೊಸ ಕಲ್ಲಿದ್ದಲಿಗೆ ಬೆಂಕಿ ಹಚ್ಚುವುದು ಆ ಗೋಡೆಯ ಬಿಸಿಯೇ. ಆ ಹೊಗೆ, ಆ ಝಳದ ಎದುರು ದಿನವಿಡೀ ನಿಂತವರ ಶ್ರಮ ನೆನೆದರೆ ಎದೆ ಭಾರವಾಗುತ್ತದೆ.

ಸುಟ್ಟರೆ ತೂಕ ಇಳಿಯುತ್ತದೆ, ಸಾಗಣೆ ಖರ್ಚೂ ಇಳಿಯುತ್ತದೆ. ಭಟ್ಟಿ ಗಣಿಯ ಹತ್ತಿರ ಇರಲು ಇದೇ ದೊಡ್ಡ ಕಾರಣ. ಆದರೆ ಅನಿಲ, ಟಾರು, ಅಮೋನಿಯಾ ಎಲ್ಲಾ ಸುಮ್ನೆ ಉರಿದು ಗಾಳಿಗೆ ಹೋಗುತ್ತಿತ್ತು. ಅದನ್ನು ಹಿಡಿದಿಡುವ, ಮುಚ್ಚಿದ ಭಟ್ಟಿಗಳು ಬಂದ ಮೇಲೆ ಲೆಕ್ಕವೇ ಬದಲಾಯಿತು. ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿಗೆ ಈ ಅನಿಲದಿಂದ ಸಿಗುವ ಟೊಲುಯೀನ್ ಎಂಬ ದ್ರವ ಬೇಕಾದಾಗ ಅಮೆರಿಕದಲ್ಲಿ ಇವು ಇನ್ನೂ ಜಾಸ್ತಿ ಆದವು. ಅನಿಲಕ್ಕೆ ಗಿರಾಕಿ ಇದ್ದದ್ದು ಉಕ್ಕಿನ ಕಾರ್ಖಾನೆಯಲ್ಲಿ, ಗಣಿಯ ಕಾಡಿನಲ್ಲಲ್ಲ. ಬೇರೆ ಬೇರೆ ಕಡೆಯ ಕಲ್ಲಿದ್ದಲು ಬೆರೆಸಿ ಹದ ಮಾಡುವುದೂ ಅಲ್ಲೇ ಸುಲಭ. ಹಾಗಾಗಿ ಭಟ್ಟಿ ಕುಲುಮೆಯ ಪಕ್ಕಕ್ಕೆ ಹೋಯಿತು, ರೈಲು ಹತ್ತಿದ್ದು ಹಸಿ ಕಲ್ಲಿದ್ದಲು. ನಮ್ಮ ಘಾಟಿನ ವ್ಯಾಗನ್‌ಗಳಲ್ಲಿ ಇರುವುದೂ ಅದೇ.