ಓದುಗರ ಪ್ರಶ್ನೆ: ಎಲ್ಲದಕ್ಕೂ 403 ಬಂದರೆ ಸೈಟ್ ಭದ್ರ ತಾನೇ?

“ಸರ್, ನಮ್ಮ ಸೈಟ್ ಮುಂದೆ ಕ್ಲೌಡ್ ವ್ಯಾಫ್ (ದಾಳಿಯ ರಿಕ್ವೆಸ್ಟುಗಳನ್ನು ತಡೆಯುವ ಕಾವಲು ಸೇವೆ) ಇದೆ. ಟೆಸ್ಟಿಂಗ್ ಟೂಲ್ ಓಡಿಸಿದರೆ ಎಲ್ಲ ದಾಳಿಗೂ 403, ಅಂದರೆ ‘ಪ್ರವೇಶವಿಲ್ಲ’ ಎಂಬ ಉತ್ತರ, ಬರುತ್ತಿದೆ. ಆಡಿಟ್‌ಗೆ ಇಷ್ಟು ಸಾಕಲ್ಲವೇ?” ಬೆಳ್ಳಂದೂರಿನಿಂದ ಒಬ್ಬರು ಕೇಳಿದ್ದಾರೆ.

ಸಾಲದು. ಕೋರಮಂಗಲದವರಿಗೂ ವೈಟ್‌ಫೀಲ್ಡಿನವರಿಗೂ ಇದನ್ನೇ ಹೇಳಿದ್ದೆ. ಪ್ರಿಂಟ್ ಹಾಕಿಸಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಂಚಿದರೆ ಓದಲು ಸಮಯವಾದರೂ ಸಿಕ್ಕೀತು.

ನೀವು ಆ ದಾರಿಯಲ್ಲಿ ಕಳಿಸಿದ ಆ ರಿಕ್ವೆಸ್ಟನ್ನು ವ್ಯಾಫ್ ವಾಪಸ್ ಅಟ್ಟಿತು. 403ರ ಅರ್ಥ ಇಷ್ಟೇ. ಬೇರೆ ದಾರಿ ಉಂಟೇ ಎಂದು ನೀವು ನೋಡಲೇ ಇಲ್ಲ. ಕ್ಲೌಡ್‌ಫ್ಲೇರ್‌ನಂಥ ಸೇವೆ ನಿಮ್ಮ ಸರ್ವರಿನೊಳಗೆ ಕೂತಿರುವುದಿಲ್ಲ. ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿದ್ದಕ್ಕೆ ಜನ ಮೊದಲು ಅದರ ಬಾಗಿಲಿಗೆ ಹೋಗುತ್ತಾರೆ. ನಿಮ್ಮ ಅಸಲಿ ಸರ್ವರಿನ ಐಪಿ, ಅಂದರೆ ಅದರ ಅಂತರ್ಜಾಲ ವಿಳಾಸ, ಇದ್ದಲ್ಲೇ ಇದೆ. ಹಳೆಯ ಡಿಎನ್‌ಎಸ್ ದಾಖಲೆಯಲ್ಲೋ, ಸೈಟು ಕಳಿಸುವ ಮೇಲ್‌ನ ಹೆಡರಿನಲ್ಲೋ, ಯಾರೋ ಮರೆತುಬಿಟ್ಟ ಸ್ಟೇಜಿಂಗ್ (ಪರೀಕ್ಷೆಯ) ಸಬ್‌ಡೊಮೇನಿನಲ್ಲೋ ಅದು ಸಿಗುತ್ತದೆ. ಒಂದು ಕಂಪನಿಯಲ್ಲಿ ಪಾಸ್‌ವರ್ಡ್ ಮರೆತೆ ಎಂದು ಒತ್ತಿದೆ; ಬಂದ ಮೇಲ್‌ನಲ್ಲೇ ಐಪಿ ಇತ್ತು. ಹ್ಯಾಕಿಂಗ್ ಅಂತ ಕರೆಯಲೂ ನಾಚಿಕೆ.

ನಿಮ್ಮದೇ ಸರ್ವರ್ ಮೇಲೆ, ಲಿಖಿತ ಅನುಮತಿ ಕೈಯಲ್ಲಿಟ್ಟುಕೊಂಡು, ಕರ್ಲ್‌ನ (ಕಮಾಂಡ್ ಬರೆದು ಪುಟ ತರಿಸುವ ಸಾಧನ) ರಿಸಾಲ್ವ್ ಆಯ್ಕೆಯಲ್ಲಿ ಸೈಟಿನ ಹೆಸರಿಗೆ ಆ ಐಪಿಯನ್ನು ಕೊಟ್ಟು ನೋಡಿ. ಪುಟ ತೆರೆದರೆ ನಿಮ್ಮ ವ್ಯಾಫ್ ಬರೀ ಅಲಂಕಾರ. “ಫೈರ್‌ವಾಲ್‌ನಲ್ಲಿ ಅವರ ಐಪಿಗಳಿಗೆ ಮಾತ್ರ ಬಿಟ್ಟಿದ್ದೇವೆ” ಅನ್ನುತ್ತೀರಿ. ಒಳ್ಳೆಯದೇ. ಆದರೆ ಆ ಐಪಿಗಳನ್ನು ಅದೇ ಸೇವೆಯ ಎಲ್ಲ ಗ್ರಾಹಕರೂ ಹಂಚಿಕೊಳ್ಳುತ್ತಾರೆ. ದಾಳಿಕೋರನೂ ಅಲ್ಲೊಂದು ಖಾತೆ ತೆಗೆದು, ತನ್ನ ಡೊಮೇನನ್ನು ನಿಮ್ಮ ಐಪಿಗೆ ತಿರುಗಿಸಿಕೊಂಡರೆ? ಅದಕ್ಕೇ ನಿಮ್ಮ ಖಾತೆಗೆ ಮಾತ್ರ ಸೇರಿದ ಸರ್ಟಿಫಿಕೇಟನ್ನೋ ಗುಟ್ಟಿನ ಹೆಡರನ್ನೋ ಸರ್ವರ್ ಕೇಳಬೇಕು.

ಮುಂಬಾಗಿಲಿನಲ್ಲೂ ಸಂದುಗಳಿವೆ. ಲೋಡ್ ಬ್ಯಾಲೆನ್ಸರ್‌ಗೆ ಜೋಡಿಸಿದ ಅಮೆಜಾನ್ ವ್ಯಾಫ್ ರಿಕ್ವೆಸ್ಟ್ ಬಾಡಿಯ (ಒಳಗೆ ಕಳಿಸಿದ ಮಾಹಿತಿಯ) ಮೊದಲ 8 ಕೆಬಿಯನ್ನಷ್ಟೇ ಪರಿಶೀಲಿಸುತ್ತದೆ. ಅದಕ್ಕೂ ದೊಡ್ಡದು ಬಂದರೆ ಏನು ಮಾಡಬೇಕೆಂದು ನೀವೇ ನಿಯಮ ಬರೆಯಬೇಕು. 2022ರ ಡಿಸೆಂಬರಿನಲ್ಲಿ ಕ್ಲಾರೋಟಿ ಎಂಬ ಭದ್ರತಾ ಕಂಪನಿಯ ಸಂಶೋಧಕರು ಡೇಟಾಬೇಸಿಗೆ ಆಜ್ಞೆ ತೂರಿಸುವ ಎಸ್‌ಕ್ಯುಎಲ್ ದಾಳಿಗೆ ಜೇಸಾನ್ (ಮಾಹಿತಿ ಬರೆಯುವ ಒಂದು ರೂಪ) ವ್ಯಾಕರಣ ಬೆರೆಸಿ ಅಮೆಜಾನ್, ಕ್ಲೌಡ್‌ಫ್ಲೇರ್, ಇಂಪರ್ವಾ ಸೇರಿ ಐದು ಕಂಪನಿಗಳ ವ್ಯಾಫ್‌ಗಳನ್ನು ದಾಟಿ ತೋರಿಸಿದ್ದರು. ಆಮೇಲೆ ಅವರೆಲ್ಲ ಸರಿಪಡಿಸಿಕೊಂಡರು, ನಿಜ. ನಿಮ್ಮ ಟೂಲಿನ ಪಟ್ಟಿ ಯಾವ ಕಾಲದ್ದು? ಇನ್ನು, ಬಿಲ್ ನಂಬರ್ 1041ನ್ನು 1042 ಮಾಡಿ ಪಕ್ಕದವನ ಬಿಲ್ ನೋಡಿದರೆ ಸಾಮಾನ್ಯ ವ್ಯಾಫ್ ತಡೆಯುವುದಿಲ್ಲ. ಅದರ ಕಣ್ಣಿಗೆ ಅದು ಮರ್ಯಾದಸ್ಥ ರಿಕ್ವೆಸ್ಟ್.

ಯಾರೂ ಕೇಳದ ಇನ್ನೊಂದು ಪ್ರಶ್ನೆ: ತಡೆಯಬಾರದ್ದನ್ನು ತಡೆಯುತ್ತಿದೆಯೇ? ಓವಾಸ್ಪ್ ಕೋರ್ ರೂಲ್ ಸೆಟ್‌ನಲ್ಲಿ (ವ್ಯಾಫ್‌ಗಳು ಬಳಸುವ ಸಿದ್ಧ ನಿಯಮಗಳ ಕಂತೆ) ಬಿಗಿಯ 4 ಮಟ್ಟಗಳಿವೆ. ಆಡಿಟರ್ ಮೆಚ್ಚಲೆಂದು 3ಕ್ಕೆ ಏರಿಸುತ್ತೀರಿ; ಅಲ್ಲಿ ಆಸ್ಕಿಯಾಚೆಯ, ಅಂದರೆ ಇಂಗ್ಲಿಷಿನ ಮೂಲ ಅಕ್ಷರ-ಅಂಕಿ-ಚಿಹ್ನೆಗಳಲ್ಲದ, ಅಕ್ಷರವನ್ನೇ ಅನುಮಾನಿಸುವ ನಿಯಮವೊಂದಿದೆ. ಯುಟಿಎಫ್-8ರಲ್ಲಿ (ಕಂಪ್ಯೂಟರು ಅಕ್ಷರ ಬರೆದಿಡುವ ಪದ್ಧತಿಯಲ್ಲಿ) ನಮ್ಮ ‘ಕ’ 3 ಬೈಟು, ಮೂರೂ ಆಸ್ಕಿಯ ಆಚೆ. ಕನ್ನಡದಲ್ಲಿ ಹೆಸರು ತುಂಬಿದ ಗ್ರಾಹಕ ಕಳ್ಳನಾಗುತ್ತಾನೆ! ಟೆಸ್ಟ್ ಪಟ್ಟಿಗೆ “ಮಲ್ಲೇಶ್ವರ 8ನೇ ಅಡ್ಡರಸ್ತೆ” ಎಂದೂ ಒಂದು ಸಾಲು ಸೇರಿಸಿ. ಅದಕ್ಕೂ 403 ಬಂದರೆ ನನಗೆ ಬರೆಯಿರಿ, ಆ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತೇನೆ.